ಅಜ್ಜಿ ಹುಟ್ಟಿದ ಊರು

ಬೆಳಗಿನಿಂದ ಸಿದ್ದಾಪುರದ ಚರ್ಚಿನ ಕಚೇರಿಯಲ್ಲಿ ನಾನೂ ಅತ್ತಿಗೆಯೂ ಬ್ರಿಟಿಷರ ಕಾಲದ, ಮಕ್ಕಳ ಜ್ಞಾನಸ್ನಾನದ ದಾಖಲೆ ನೋಡುತ್ತ ಕುಳಿತಿದ್ದೆವು. ತನ್ನ ತಾಯಿ ಹುಟ್ಟಿದ ಊರನ್ನು ಒಮ್ಮೆ ನೋಡಬೇಕೆಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ಅದು ಯಾವ ಊರೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಜ್ಜಿ ಬೆಳೆದದ್ದು ಸಿದ್ದಾಪುರದಲ್ಲಿ ಎಂಬುದಷ್ಟೇ ಗೊತ್ತಿತ್ತು. ಅಜ್ಜಿಯ ತಮ್ಮ ತಂಗಿಯರ ಹೆಸರೆಲ್ಲ ಸಿಕ್ಕಿದವು. ಅಜ್ಜಿಯ ಹೆಸರು ಮಾತ್ರ ಇರಲಿಲ್ಲ.

"ಇರೋದು ಹೆಂಗೆ? ಅಜ್ಜಿ ಮೊದಲ್ನೇ ಮಗು ಅಲ್ವೇನೇ," ಎಂದಳು ಅತ್ತಿಗೆ. "ನಿನ್ನ ಮೊದಲ್ನೇ ಬಾಣಂತನ ಎಲ್ಲಾಯ್ತು?"

"ತವರಲ್ಲಿ."

"ಮತ್ತೆ ಅಜ್ಜಿಯ ಅಮ್ಮ ಎಂತ, ಗಂಡನ ಮನೇಲಿ ಹೆರ್ತಿದ್ಲಾ?"

ಎದುರಿಗಿದ್ದ ಫಾದರ್ ನಕ್ಕುಬಿಟ್ಟರು. ಆ ತವರು ಯಾವುದೆಂದು ಹುಡುಕಲು ಒಂದು ದಾರಿಯಿತ್ತು. ನಮ್ಮಲ್ಲಿ ಎರಡನೆಯ ಮಗುವಿಗೆ ತಾಯಿಯ ತಂದೆಯೇ ಜ್ಞಾನಸ್ನಾನದಲ್ಲಿ ಜ್ಞಾನಪಿತನಾಗಿ, ಅಂದರೆ ಗಾಡ್‌ಫಾದರ್ ಆಗಿ ನಿಲ್ಲುವುದು ರೂಢಿ. ಫಾದರ್ ಎರಡನೆಯವನಾದ ಅಜ್ಜಿಯ ದೊಡ್ಡ ತಮ್ಮನ ಪುಟಕ್ಕೆ ಮರಳಿ, ಲ್ಯಾಟಿನ್ ಬರಹವನ್ನು ಬೆರಳಿಟ್ಟು ಓದಿದರು. ಜ್ಞಾನಪಿತನ ಹೆಸರಿನ ಮುಂದೆ ಅವನ ಊರೂ ಇತ್ತು. ಯಲ್ಲಾಪುರ.

ಈಗ ಶಿರಸಿಯ ನಿಲ್ದಾಣದಲ್ಲಿ ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೇವೆ. ಅತ್ತಿಗೆ ಬಾಳೆಹಣ್ಣು ಸುಲಿದು ಕೊಟ್ಟಳು, ತಿನ್ನಲಾಗಲಿಲ್ಲ. ಅಂಕೋಲೆಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಅಮ್ಮನನ್ನು ಕರೆದೊಯ್ಯುವಾಗಲೆಲ್ಲ ಬಸ್ಸು ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು. ಸ್ವಲ್ಪ ಇಳಿದು ಕಾಲಾಡಿಸು ಎಂದರೆ ಅಮ್ಮ ಸೀಟು ಬಿಟ್ಟು ಏಳುತ್ತಿರಲಿಲ್ಲ.

"ನೀನೇ ಹೋಗಿ ಬಾ," ಎನ್ನುತ್ತಿದ್ದಳು. "ನಂಗೆಂತ ಕೆಲಸ ಈ ಊರಲ್ಲಿ."