ಕರಡಿಯ ತುಟಿಯೊಳಗಿನ ಅಂಕಿ

ಉಲಾಯುಕ್‌ಗೆ ಒಂದು ಉತ್ತರ ಬರಬೇಕಾಗಿದೆ. ಎರಡು ಚಳಿಗಾಲ ಕಳೆದರೂ ಬಾಕಿ ತೀರಿಲ್ಲ.

ಉತ್ತರ ಧ್ರುವದ ಕಡೆಯ ಬಾಫಿನ್ ದ್ವೀಪದ ದಂಡೆಯ ಊರು ಅವನದು. ನಲವತ್ತು ವರ್ಷ ಅವನು ಏನೇ ಬೇಟೆಯಾಡಿ ತರಲಿ, ಮೊದಲ ತುಂಡು ಆರ್ನಾಲುಕ್ ಅಜ್ಜಿಗೆ. ಅವನನ್ನು ತಾಯ ಹೊಟ್ಟೆಯಿಂದ ಎಳೆದುಕೊಂಡ ಸೂಲಗಿತ್ತಿ ಅವಳು. ಎರಡು ಚಳಿಗಾಲದ ಹಿಂದಿನ ವಸಂತದಲ್ಲಿ ಹಿಮಕರಡಿ ಹೊಡೆದಾಗಲೂ ಹಾಗೇ ಆಯಿತು. ಕರಡಿಯ ಕಿವಿಯಲ್ಲಿ ಸಂಶೋಧಕರು ಚುಚ್ಚುವ ಗುರುತಿನ ಬಿಲ್ಲೆ ಇರಲಿಲ್ಲ, ಹರಿದ ತೂತಿತ್ತು. ಗಂಡುಕರಡಿಗಳು ಕಚ್ಚಾಡಿದ್ದಿರಬೇಕು ಎಂದುಕೊಂಡ. ಅವನ ಮನೆತನದಲ್ಲಿ ಸತ್ತ ಕರಡಿಯ ಬಾಯಿಗೆ ಕೈಹಾಕುವುದಿಲ್ಲ. ಮಾಂಸ ಹಂಚಿ ಮುಗಿಯುವವರೆಗೆ ತಲೆ ಕಡಲಿಗೆ ಮುಖಮಾಡಿ ಹಾಗೇ ಇರಬೇಕು. ಅದು ಕರಡಿಗೆ ಕೊಡುವ ಮರ್ಯಾದೆ.

ಮೂರನೇ ದಿನ ತಲೆ ಸುಲಿಯುವಾಗ ತುಟಿಯೊಳಗೆ ಹಚ್ಚೆಯ ಅಂಕಿ ಕಂಡಿತು. ಕರಡಿಗಳ ಲೆಕ್ಕಕ್ಕೆಂದು ಸಂಶೋಧಕರು ಹೆಲಿಕಾಪ್ಟರಿನಿಂದ ಮದ್ದಿನ ಸೂಜಿ ಹೊಡೆದು, ಮಲಗಿಸಿ, ಅಳೆದು ಬಿಟ್ಟ ಕರಡಿ. ಮದ್ದು ಮಾಂಸದಲ್ಲಿ ಉಳಿದಿರುತ್ತದೆ, ಅಂಥದ್ದನ್ನು ನಲವತ್ತೈದು ದಿನ ತಿನ್ನಬೇಡಿ ಎಂದು ಅಂಗಡಿಯ ಗೋಡೆಗೆ ಚೀಟಿ ಅಂಟಿಸಿದ್ದರು. ಸೂಜಿ ಹೊಡೆದದ್ದು ಯಾವತ್ತು?

ಕೊಟ್ಟ ಮಾಂಸ ವಾಪಸು ಕೇಳುವ ಹೇಸಿಗೆ ಕೆಲಸಕ್ಕೆ ಅವನು ಮನೆಮನೆ ಹತ್ತಿದ.

“ಏನೋ, ಕೊಟ್ಟಿದ್ದು ಇಸ್ಕೊಳ್ಳೋಕೆ ಬಂದ್ಯಾ?” ಎಂದಳು ಅಜ್ಜಿ.

“ಅಜ್ಜೀ, ಆ ಕರಡಿಗೆ ಮದ್ದು ಹೊಡ್ದಿದ್ರು. ತಿನ್ಬೇಡ.”

“ಅದಕ್ಕೇ ನಿನ್ ಕೈಗೆ ಸಿಕ್ತು ಬಿಡು. ಎಚ್ಚರ ಇದ್ದಿದ್ರೆ ನಿನಗೆಲ್ಲಿ ಸಿಗ್ತಿತ್ತು!” ಬೊಚ್ಚುಬಾಯಿ ಅಗಲಿಸಿ ನಕ್ಕಳು. “ಸಾರೂ ಕುಡ್ದಾಯ್ತು ಮಗಾ. ಹೊಟ್ಟೆ ಬಗ್ದು ಕೊಡ್ಲಾ?”

ಸಂಶೋಧನೆಯ ಕಚೇರಿಗೆ ಫೋನು ಹಚ್ಚಿದ.

“ದಾಖಲೆ ನೋಡ್ಬೇಕು, ನೋಡೋರು ರಜದಲ್ಲಿದಾರೆ. ಸಾಮಾನ್ಯವಾಗಿ ಏನೂ ಆಗಲ್ಲ.”

“ನಿಮ್ ಸಾಮಾನ್ಯ ನೀವೇ ಬೇಯ್ಸಿ ತಿನ್ನಿ. ನಂಗೆ ತಾರೀಕು ಹೇಳಿ.”

ಬರೆದುಕೊಂಡೆವು ಎಂದರು.

ಒಂಬತ್ತನೇ ದಿನ ಅಜ್ಜಿ ಮಲಗಿದವಳು ಏಳಲಿಲ್ಲ. ಎಂಬತ್ತೆಂಟು ವಯಸ್ಸು, ವಯಸ್ಸೇ ಕಾರಣ ಎಂದಳು ದಾದಿ. ಇದ್ದೀತು. ಅದೇ ಮಾಂಸ ತಿಂದ ಮಿಕ್ಕವರು ಗಟ್ಟಿಯಾಗೇ ಇದ್ದಾರೆ. ಆದರೆ ಮದ್ದಲ್ಲ ಎಂದು ಆಣೆಯಿಡಲು ತಾರೀಕು ಬೇಕು. ಅದಿಲ್ಲದೆ, ತನ್ನನ್ನು ಭೂಮಿಗೆ ತಂದ ಕೈಗೆ ತಾನೇ ವಿಷ ಇಟ್ಟೆನೋ ಇಲ್ಲವೋ ಎಂಬುದು ಉಲಾಯುಕ್‌ಗೆ ಗೊತ್ತಿಲ್ಲ.

ಈಗ ಅವನು ಕರಡಿ ಬಿದ್ದ ಕೂಡಲೇ ಮೊದಲು ಅದರ ಬಾಯಿ ಬಿಡಿಸಿ ತುಟಿಯೊಳಗೆ ನೋಡುತ್ತಾನೆ. ಮರ್ಯಾದೆ ಮುಗಿಯಿತು. ಆದರೂ ಅವನು ಮಾಂಸ ತಂದರೆ ಕೆಲವರು ಬಾಗಿಲಲ್ಲೇ ನಿಂತು, “ನಮ್ಮನೇಲಿ ಇದೆ, ಬೇಡ” ಅನ್ನುತ್ತಾರೆ.

ಕರಡಿ ಎಷ್ಟು ಉಳಿದವು ಎಂಬ ಲೆಕ್ಕ ಓದಿ ಸಮಾಧಾನಪಡುವವರು ನೀವು. ಆ ಲೆಕ್ಕಕ್ಕೆಂದು ಮದ್ದು ಹೊಡೆದ ಕರಡಿಯೇ ಉಲಾಯುಕ್‌ನ ಪಾತ್ರೆಯೊಳಗೆ ಬಂದದ್ದು. ಸೂಜಿ ಹೊಡೆದ ದಿನವೇ ತಾರೀಕು ಆ ಅಂಗಡಿಯ ಗೋಡೆ ಹತ್ತಬೇಕು ಎಂದು ಆ ಸಂಶೋಧಕರನ್ನು ಕೇಳಿ. ಕೇಳುತ್ತೀರೋ, ಇಲ್ಲವೋ?