ಗಾಡಿ ಮುಂದೆ ಓದಬ್ಯಾಡ್ರಿ

ಹೊಳಲ್ಕೆರೆಯ ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ. ಹದಿನಾಲ್ಕು ವರ್ಷದಿಂದ ಊರವರ ಅರ್ಜಿ ಬರೆದೂ ಬರೆದೂ, ಈ ಚೌಡೇಶ್ವರಿಗೆ ಗೊತ್ತಿಲ್ಲದ ಕಾಗದವೇ ಇಲ್ಲ ಎಂದು ಬೀಗುತ್ತಿದ್ದೆ. ಆ ಜಂಬ ಇಳಿಸಿದವನು ತಾಳ್ಯದ ಜಂಪಣ್ಣ. ಒಂದು ಸೋಮವಾರ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು ನನ್ನ ಟೇಬಲ್ ಮೇಲೆ ಬಿಚ್ಚಿದ. ನೋಡಿದರೆ ಅವನ ವ್ಯಾನಿನ ನಂಬರ್ ಪ್ಲೇಟು.

"ಇದ್ಯಾಕೆ ತಂದ್ಯೋ ಮಾರಾಯ?" ಅಂದೆ.

"ಇನ್ಸೂರೆನ್ಸಿಗೆ ತೋರಿಸಬೇಕಲ್ಲಮ್ಮ. ಗಾಡಿ ಸತ್ತೋಗೈತೆ ಅಂತ ಬರದವ್ರೆ."

ಆಮೇಲೆ ತಿಳಿಯಿತು. ವಿಮೆ ಮಾಡಿಸಿದ ಕುರಿಯ ಕಿವಿಗೆ ನಂಬರಿನ ಓಲೆ ಚುಚ್ಚಿರುತ್ತಾರೆ. ಕುರಿ ಸತ್ತರೆ ಆ ಕಿವಿ ಕೊಯ್ದು ತಂದು ತೋರಿಸಬೇಕು, ಇಲ್ಲದಿದ್ದರೆ ದುಡ್ಡಿಲ್ಲ. ಜಂಪಣ್ಣನಿಗೆ ಗೊತ್ತಿದ್ದ ವಿಮೆ ಅದೊಂದೇ. ಅದಕ್ಕೇ ಗಾಡಿಯ ಕಿವಿ ಬಿಚ್ಚಿಕೊಂಡು ಬಂದಿದ್ದ. ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಜಂಪಣ್ಣ ಎಂಟನೇ ವಯಸ್ಸಿಗೆ ಕುರಿ ಹಿಂದೆ ಹೋದವನು. ಐವತ್ತು ದಾಟುವವರೆಗೂ ನಡೆದ. ಮಂಡಿ ಸವೆದು, ಇನ್ನು ನಡೆದರೆ ಕುಂಟುತ್ತೀಯ ಎಂದು ಡಾಕ್ಟರು ಹೇಳಿದ ಮೇಲೆ ಮಂದೆಯನ್ನೆಲ್ಲ ಮಾರಿ ಒಂದು ವ್ಯಾನು ಕೊಂಡ. ಕುರಿ ಕೊಟ್ಟು ಕಬ್ಬಿಣ ತಂದ ಎಂದು ಹೆಂಡತಿ ಗಿರಿಯಮ್ಮ ಮೂರು ದಿನ ಅವನನ್ನು ಮಾತಾಡಿಸಲಿಲ್ಲವಂತೆ. ಹೋಗಲಿ, ವ್ಯಾನು ಕೊಂಡವನು ಪ್ಯಾಟೆ ಕಡೆ ಬಾಡಿಗೆ ಹೊಡೆದನೇ? ಎಲ್ಲಿಯ ಮಾತು! ಹಿಂದಿನ ಸೀಟು ಕಿತ್ತು ಎಸೆದು, ಹಲಗೆ ಬಡಿಸಿ, ಮತ್ತೆ ಮಂದೆಗಳ ಹಿಂದೆಯೇ ಹೋದ.

ದೀಪಾವಳಿ ಕಳೆದ ಮೇಲೆ ನಮ್ಮ ಕಡೆಯ ಮಂದೆಗಳು ಮೇವು ಹುಡುಕಿ ಊರಿಂದೂರಿಗೆ ನಡೆಯುತ್ತವೆ. ಕುರಿಗಳು ದಾರಿಯಲ್ಲೇ ಈಯುತ್ತವೆ. ಹಸಿ ಮರಿ ಹತ್ತು ಮೈಲಿ ನಡೆಯಲಾರದು, ತಾಯಿ ಅದನ್ನು ಬಿಟ್ಟು ಕದಲದು, ಮಂದೆ ಅವೆರಡಕ್ಕಾಗಿ ಕಾಯಲಾರದು. ಆಗ ಜಂಪಣ್ಣನಿಗೆ ಫೋನು ಬರುತ್ತದೆ. ಹೋಗಿ ತಾಯಿ ಮರಿ ಎರಡನ್ನೂ ಹತ್ತಿಸಿಕೊಂಡು ಮುಂದಿನ ಬೀಡಿಗೆ ಮುಟ್ಟಿಸುತ್ತಾನೆ. ಕೂಲಿ ಕೇಳುವುದಿಲ್ಲ. ಉಣ್ಣೆ ಕತ್ತರಿಸುವಾಗ ಅವರೇ ಒಂದಷ್ಟು ಉಣ್ಣೆ ಕೊಡುತ್ತಾರೆ, ಗಿರಿಯಮ್ಮ ಕಂಬಳಿಯವರಿಗೆ ಹಾಕುತ್ತಾಳೆ.

ಆ ವ್ಯಾನು ನನ್ನ ಅಂಗಡಿ ಮುಂದೆ ನಿಂತರೆ ನಾನು ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ಒಂಬತ್ತು ವರ್ಷದ ಉಣ್ಣೆ, ಹಿಕ್ಕೆ, ಗಿಣ್ಣದ ವಾಸನೆ ಅದರ ಹಲಗೆಯಲ್ಲಿ ಕೂತಿತ್ತು. ಆದರೆ ಅದರಲ್ಲೇ ಇತ್ತು ಗುಟ್ಟು. ಬೇರೆ ಗಾಡಿ ತಂದರೆ ಈದ ಕುರಿ ನಾಲ್ಕೂ ಕಾಲು ಊರಿ ನಿಂತುಬಿಡುತ್ತದೆ, ಎಳೆದರೆ ಗಾಬರಿಯಾಗಿ ಮರಿಯನ್ನೇ ತುಳಿಯುತ್ತದೆ. ಈ ವ್ಯಾನಾದರೆ ಒಮ್ಮೆ ಮೂಸಿ, ಹಟ್ಟಿಗೆ ಬಂದಂತೆ ಹತ್ತುತ್ತದೆ. ಹಾಗಾಗಿ ಜಂಪಣ್ಣನಿಗೆ ಬೇಕಿದ್ದುದು ದುಡ್ಡಲ್ಲ, ಅದೇ ವ್ಯಾನು. ಅದೂ ದೀಪಾವಳಿಯ ಒಳಗೆ.

ಆ ವ್ಯಾನು ಹೊಸದುರ್ಗ ರಸ್ತೆಯಲ್ಲಿ ಪಕ್ಕಕ್ಕೆ ನಿಂತಿದ್ದಾಗ ಜಲ್ಲಿ ಲಾರಿಯೊಂದು ಹಿಂದಿನಿಂದ ಬಂದು ಗುದ್ದಿತ್ತು. ಜಂಪಣ್ಣ ಟೀ ಕುಡಿಯಲು ಇಳಿದಿದ್ದ, ಬದುಕಿಕೊಂಡ. ಹಿರಿಯೂರಿನ ಮೆಕ್ಯಾನಿಕ್ ದುರುಗೇಶ ಅದನ್ನು ಎಳೆಸಿ ತನ್ನ ಶೆಡ್ಡಿಗೆ ಹಾಕಿಕೊಂಡ. ಕಂಪನಿಯ ಸರ್ವೇಯರ್ ಬಂದು ನೋಡಿ, ರಿಪೇರಿಯ ಖರ್ಚು ಗಾಡಿಯ ಬೆಲೆಯನ್ನೇ ಮೀರುತ್ತದೆ, ಇದು ಪೂರ್ತಿ ಹೋದ ಗಾಡಿ ಎಂದು ಬರೆದ.

ಅವರು ಕಳಿಸಿದ ಕಾಗದ ಮೂರು ಸಲ ಓದಿದೆ. ತಲೆ ಬುಡ ತಿಳಿಯಲಿಲ್ಲ. ನಾಲ್ಕನೇ ಸಲಕ್ಕೆ ಒಂದಿಷ್ಟು ಹೊಳೆಯಿತು. ಗಾಡಿಯ ವಿಮೆ ಬೆಲೆ ಒಂದು ಲಕ್ಷದ ನಲವತ್ತು ಸಾವಿರ. ಗಾಡಿ ಬಿಟ್ಟುಕೊಟ್ಟರೆ ಅಷ್ಟೂ ಸಿಗುತ್ತದೆ. ಗಾಡಿ ತಾನೇ ಇಟ್ಟುಕೊಂಡರೆ, ಗುಜರಿಯವರು ಅದಕ್ಕೆ ಎಷ್ಟು ಕಟ್ಟುತ್ತಾರೋ ಅಷ್ಟನ್ನು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಗುಜರಿ ಬೆಲೆ ಸುಮಾರು ಮೂವತ್ತು ಸಾವಿರ ಆಗಬಹುದು, ಕೊಳ್ಳುವವನು ಬಂದು ನೋಡಿ ಖಾತ್ರಿ ಮಾಡುತ್ತಾನೆ ಎಂದಿತ್ತು.

"ಅಂದ್ರೆ ನನ್ನ ಗಾಡಿ ನಾನೇ ಕೊಂಡ್ಕಬೇಕಾ?" ಅಂದ ಜಂಪಣ್ಣ.

"ಹೂಂ ಅನ್ಕೋ."

"ಯಾರತ್ರ?"

"ಕಂಪನಿ ಹತ್ರ."

"ಅವ್ರಿಗೆ ನಾನು ಯಾವಾಗ ಮಾರಿದ್ದೆ?"

"ಕೊಟ್ಟವ ಕೋಡಂಗಿ, ಇಸ್ಕಂಡವ ಈರಭದ್ರ! ಸುಮ್ನೆ ಸೈನ್ ಹಾಕು" ಎಂದು ರೇಗಿದೆ. ಉತ್ತರ ಗೊತ್ತಿಲ್ಲದಾಗ ರೇಗುವುದು ನನ್ನ ಹಳೇ ಚಾಳಿ.

ಲೆಕ್ಕ ಮಾತ್ರ ಸರಿಯಿತ್ತು. ಮೂವತ್ತು ಹೋದರೆ ಒಂದು ಲಕ್ಷದ ಹತ್ತು ಉಳಿಯುತ್ತದೆ. ಹಳೇ ಸಾಮಾನು ಹಾಕಿ ತೊಂಬತ್ತು ಸಾವಿರಕ್ಕೆ ಗಾಡಿ ಎಬ್ಬಿಸಿ ಕೊಡುತ್ತೇನೆ ಎಂದು ದುರುಗೇಶ ಒಪ್ಪಿದ್ದ. ಜಂಪಣ್ಣನನ್ನು ಕೂರಿಸಿಕೊಂಡು ಹೇಳಿದೆ: "ನೋಡು, ಗುಜರಿಯವನು ಬಂದಾಗ ಗಾಡಿ ಕೆಟ್ಟುಹೋಗೈತೆ, ಏನೂ ಉಳಿದಿಲ್ಲ ಅನ್ನು. ಅವನು ಕಡಿಮೆ ಕಟ್ಟಿದಷ್ಟೂ ನಿನಗೆ ಒಳ್ಳೇದು. ತಿಳೀತಾ?"

ತಿಳಿಯಿತು ಎಂಬಂತೆ ತಲೆಯಾಡಿಸಿದ. ನಾನೂ ನಂಬಿದೆ. ನನ್ನ ಬುದ್ಧಿಗೆ ಬೆಂಕಿ ಬೀಳ!

ನಾಲ್ಕು ದಿನಕ್ಕೆ ಮಂಡಕ್ಕಿ ಮಿರ್ಚಿ ಪೊಟ್ಟಣ ಹಿಡಿದು, ಹಲ್ಲು ಕಿರಿಯುತ್ತ ಅಂಗಡಿಗೆ ಬಂದ.

"ಗೆದ್ದೆ ಕಣಮ್ಮ! ಗುಜರಿ ಕಾಟಲಿಂಗಪ್ಪ ಮೂವತ್ತು ಅಂತ ಬಂದ. ನಾನು ಬಿಡ್ತೀನಾ? ಎಪ್ಪತ್ತೈದು ಸಾವ್ರ ಕಟ್ಟಿಸ್ದೆ! ಬರೆದು ಕಂಪನಿಗೆ ಕಳಿಸ್ದ."

ಬಾಯಲ್ಲಿದ್ದ ಮಿರ್ಚಿ ನನಗೆ ನೆತ್ತಿಗೇರಿತು. ನೀರು ಕುಡಿದು, ಉಸಿರು ತಗೊಂಡು, ಏನೇನು ಮಾಡಿದೆ ಎಂದು ಕೇಳಿದೆ. ಹಿಂದಿನ ದಿನವೇ ಹಿರಿಯೂರಿಗೆ ಹೋಗಿ ವ್ಯಾನಿನ ಮೂತಿ ಒರೆಸಿದ್ದನಂತೆ, ಅರಿಶಿನ ಕುಂಕುಮ ಇಟ್ಟಿದ್ದನಂತೆ. ಕಾಟಲಿಂಗಪ್ಪ ಬಂದಾಗ ಚಾವಿ ತಿರುಗಿಸಿದರೆ ಒಂದೇ ಏಟಿಗೆ ಇಂಜಿನ್ ಶುರುವಾಯಿತಂತೆ. "ಒಂಬತ್ತು ವರ್ಸದಾಗೆ ಒಂದಿನ ಕೈ ಕೊಟ್ಟಿಲ್ಲ, ಬಲು ಸಾಧು" ಎಂದನಂತೆ. ಕಾಟಲಿಂಗಪ್ಪ ಐದೈದು ಏರಿಸುತ್ತಾ ಹೋದಂತೆ ಇವನು ಕುರಿ ಸಂತೆಯಲ್ಲಿ ನಿಂತವನ ಹಾಗೆ ತಲೆ ಅಡ್ಡ ಆಡಿಸುತ್ತಾ ನಿಂತನಂತೆ.

"ಲೇ ಜಂಪಣ್ಣಾ, ಕೆಟ್ಟುಹೋಗೈತೆ ಅನ್ನು ಅಂತ ಬಡ್ಕಂಡಿದ್ನಲ್ಲೋ!"

"ಅದರ ಎದುರಿಗೇನಾ?" ಅಂದ. ಮುಖದ ನಗು ಹೋಗಿತ್ತು. "ಸಾಕಿದ್ದನ್ನ ಅದರ ಮುಂದೆ ಹಳೀಬಾರ್ದು ಕಣಮ್ಮ. ಹಳಿದ್ರೆ ಸೊರಗಿ ಹೋಗ್ತಾವೆ. ನಮ್ಮಪ್ಪ ಕುಂಟ ಟಗರನ್ನೂ ಹಳೀತಿರಲಿಲ್ಲ."

ಒಂದು ಹಾಳೆ ತೆಗೆದು ಬರೆದು ತೋರಿಸಿದೆ. ಎಪ್ಪತ್ತೈದು ಮುರಿದರೆ ಉಳಿಯುವುದು ಅರವತ್ತೈದು. ದುರುಗೇಶನಿಗೆ ಬೇಕು ತೊಂಬತ್ತು. ಇಪ್ಪತ್ತೈದು ಸಾವಿರ ಖೋತಾ. ಜಂಪಣ್ಣ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ನನ್ನ ಗಾಡಿಗೆ ಬೆಲೆ ಜಾಸ್ತಿ ಬಂದ್ರೆ ನನಗೆ ಕಡಿಮೆ ಹೆಂಗೆ ಬರ್ತೈತೆ? ಯಾವ ಸಂತೆಯಾಗೈತೆ ಈ ಪದ್ಧತಿ?" ಎಂದ. ಆಮೇಲೆ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಮಾರನೇ ದಿನ ಅಂಗಡಿಗೆ ಬೀಗ ಹಾಕಿ ಅವನನ್ನು ಕರೆದುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನು ಕೇಳಿದ್ದನ್ನೇ ಕೇಳಿದ, ನಾನು ಹೇಳಿದ್ದನ್ನೇ ಹೇಳಿದೆ. ದುರ್ಗ ಬರುವಷ್ಟರಲ್ಲಿ ನನಗೂ ಗೊಂದಲ ಶುರುವಾಗಿ, ಮುರಿಯುವುದು ಯಾವುದು ಕೊಡುವುದು ಯಾವುದು ಎಂದು ಬೆರಳು ಮಡಿಚಿ ನೋಡಿಕೊಂಡೆ.

ಕಂಪನಿಯ ಆಫೀಸಿನಲ್ಲಿದ್ದವರು ಮೋಹನ್‌ಕುಮಾರ್ ಎಂಬ ಅಧಿಕಾರಿ. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಹೋಗಿದ್ದೆ. ಆ ಮನುಷ್ಯ ನೋಡಿದರೆ "ಬರ್ರಿ, ಕುಂತ್ಕಳ್ರಿ" ಎಂದು ನೀರು ತರಿಸಿದರು. ಸಾಧು ಮನುಷ್ಯರ ಜೊತೆ ಜಗಳ ಆಡುವುದು ಬಹಳ ಕಷ್ಟ.

"ನಿಮ್ಮ ಗಾಡಿನ ಪೂರ್ತಿ ಬಿಟ್ಟುಕೊಟ್ರೆ ಒಂದು ಲಕ್ಷದ ನಲವತ್ತೂ ಬರ್ತೈತೆ. ಬೇರೆ ತಗಳ್ರಿ" ಎಂದರು.

"ಅದಕ್ಕೆ ಕುರಿ ಹತ್ತಲ್ಲ ಸ್ವಾಮಿ" ಎಂದ ಜಂಪಣ್ಣ.

ಅವರು ನನ್ನ ಮುಖ ನೋಡಿದರು. ವಾಸನೆಯ ವಿಷಯ ವಿವರಿಸಿದೆ. "ಬಾಡಿಗೆಗೆ ಓಡಿಸ್ತೀರಾ ಹಂಗಾದ್ರೆ?" ಎಂದು ಸ್ವಲ್ಪ ಬಿಗಿಯಾಗಿ ಕೇಳಿದರು; ಸ್ವಂತಕ್ಕೆಂದು ವಿಮೆ ಮಾಡಿಸಿದ ಗಾಡಿ ಬಾಡಿಗೆಗೆ ಓಡಿದರೆ ದುಡ್ಡಿಲ್ಲವಂತೆ. "ಕುರಿ ಏನ್ ಬಾಡಿಗೆ ಕೊಡ್ತಾವೆ ಸ್ವಾಮಿ?" ಎಂದ ಇವನು. ಮೋಹನ್‌ಕುಮಾರರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಯೋಚಿಸಿ ಒಂದು ದಾರಿ ಹೇಳಿದರು. ಕೊಳ್ಳುವವನು ನೋಡಿದ್ದು ಇಂಜಿನ್ ಒಂದನ್ನೇ. ಗಾಡಿಯ ದೋಷಗಳನ್ನೆಲ್ಲ ಮಾಲೀಕರು ಬರೆದುಕೊಟ್ಟರೆ, ಅದನ್ನು ಹಿಡಿದು ಸರ್ವೇಯರ್ ಮತ್ತೊಮ್ಮೆ ನೋಡುತ್ತಾರೆ, ಬೆಲೆಯನ್ನೂ ಮತ್ತೆ ಕರೆಸುತ್ತೇವೆ. "ಆದ್ರೆ ಸುಳ್ಳು ಬೇಡ. ಇರೋದನ್ನ ಮಾತ್ರ ಬರೀರಿ" ಎಂದರು.

ನಾನು ಪೆನ್ನು ತೆಗೆದೆ. ಜಂಪಣ್ಣ ತುಟಿ ಬಿಗಿದು, ಟವೆಲ್ ಹಿಂಡುತ್ತಾ ಕೂತ. "ಹೇಳೋ, ನಿನಗೆ ಗಾಡಿ ಬೇಕೋ ಬ್ಯಾಡವೋ?" ಎಂದು ಗದರಿದೆ.

"ದುರುಗೇಶನ ಶೆಡ್ಡು ಇಲ್ಲಿಂದ ಎಷ್ಟು ದೂರ ಐತಮ್ಮ?"

"ಹಿರಿಯೂರು ಅಲ್ವಾ? ನಲವತ್ತು ಕಿಲೋಮೀಟ್ರು ಇರಬೇಕು."

ಅಷ್ಟು ದೂರ ಸಾಕೇ ಎಂದು ಲೆಕ್ಕ ಹಾಕುವವನಂತೆ ಕಿಟಕಿಯಾಚೆ ನೋಡಿದ. ಆಮೇಲೆ ಕುರ್ಚಿಯನ್ನು ಟೇಬಲ್ಲಿನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಶುರು ಮಾಡಿದ. ಚಾಸಿ ಎಡಕ್ಕೆ ಬಾಗೈತೆ. ಹಿಂದಿನ ಆಕ್ಸಲ್ ಮುರದೈತೆ. ಕುರಿ ಉಚ್ಚೆ ಬಿದ್ದು ತಳ ತುಕ್ಕು ತಿಂದೈತೆ, ಎರಡು ಕಡೆ ಕೈ ತೂರ್ತೈತೆ. ಮೂರನೇ ಗೇರು ಆಗಾಗ ಜಾರ್ತೈತೆ. ರೇಡಿಯೇಟರ್‌ಗೆ ಎರಡು ಸಲ ಬೆಸುಗೆ ಬಿದ್ದೈತೆ. ಇಂಜಿನ್ ಒಂದೇ ಏಟಿಗೆ ಶುರುವಾದ್ರೂ ಇಪ್ಪತ್ತು ಮೈಲಿಗೆ ಎಣ್ಣೆ ಕಾರ್ತೈತೆ.

ನನ್ನ ಕೈ ಸೋತಿತು. ಹೀಗೇ ಒಟ್ಟು ಹದಿನೇಳು ದೋಷ! ಒಂದನ್ನೂ ಮರೆತಿರಲಿಲ್ಲ, ಒಂದನ್ನೂ ಹೆಚ್ಚು ಮಾಡಿರಲಿಲ್ಲ. ಇಷ್ಟು ದಿನ ಬರೀ ಹೊಗಳುತ್ತಿದ್ದ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಹೇಳಿ ಮುಗಿಸುವಾಗ ಅವನ ಕಣ್ಣು ತುಂಬಿತ್ತು. ಸಹಿ ಹಾಕಿ ಕಾಗದವನ್ನು ಮೋಹನ್‌ಕುಮಾರರ ಕೈಗೆ ಕೊಡುವಾಗ ಹೇಳಿದ:

"ಸ್ವಾಮಿ, ಇದನ್ನ ಗಾಡಿ ಮುಂದೆ ಓದಬ್ಯಾಡ್ರಿ."

ಮೋಹನ್‌ಕುಮಾರ್ ನಗಲಿಲ್ಲ. "ಇಲ್ಲ, ಓದಲ್ಲ" ಎಂದರು.

ಸರ್ವೇಯರ್ ಮತ್ತೆ ಹೋಗಿ ಬಂದ. ತಳದ ತುಕ್ಕು ನೋಡಿದ ಕಾಟಲಿಂಗಪ್ಪ ನಲವತ್ತೈದಕ್ಕೆ ಇಳಿದ, ಅದಕ್ಕಿಂತ ಕೆಳಗೆ ಬರಲಿಲ್ಲ. ಜಂಪಣ್ಣನ ಕೈಗೆ ತೊಂಬತ್ತೈದು ಸಾವಿರ ಬಂತು. ತೊಂಬತ್ತು ದುರುಗೇಶನಿಗೆ ಹೋಯಿತು. ಹಲಗೆ ಮಾತ್ರ ಹಳೆಯದೇ ಇರಲಿ, ತೊಳೆಯಬೇಡ ಎಂದು ಜಂಪಣ್ಣ ಶೆಡ್ಡಿನಲ್ಲೇ ಎರಡು ದಿನ ಕಾವಲು ಕೂತನಂತೆ.

ದೀಪಾವಳಿಯಾದ ವಾರಕ್ಕೆ ಅಂಗಡಿ ಮುಂದೆ ಹಾರ್ನು ಕೇಳಿಸಿತು. ವಾಸನೆ ಅದಕ್ಕಿಂತ ಮೊದಲೇ ಬಂದಿತ್ತು. ಎಡಬದಿಯ ಬಾಗಿಲು ಒಂದು ಬಣ್ಣ, ಹಿಂದಿನದು ಇನ್ನೊಂದು ಬಣ್ಣ. ಒಳಗೆ ಒಂದು ಕುರಿ ಮಲಗಿ, ಆಗ ತಾನೇ ಈದ ಮರಿಯನ್ನು ನೆಕ್ಕುತ್ತಿತ್ತು. ಸೆರಗು ಹಿಡಿಯದೆ ಹತ್ತಿರ ಹೋಗಿ ನೋಡಿದೆ.

"ಮೂಸಿ ನೋಡ್ತು, ಹತ್ತೇಬಿಡ್ತು" ಎಂದ ಜಂಪಣ್ಣ. ಆಮೇಲೆ ತಲೆ ಕೆರೆದುಕೊಂಡ: "ಇನ್ನೊಂದು ಕಾಗದ ಬರದು ಕೊಡಮ್ಮ. ಅವತ್ತು ಹಳಿದಿದ್ದು ಮನಸ್ಸಿನಾಗಿಂದಲ್ಲ, ಈ ಸೀಮೆಯಾಗೆ ಇದರಂಗೆ ಇನ್ನೊಂದಿಲ್ಲ ಅಂತ. ನೀನೇ ಓದಿ ಹೇಳಬೇಕು."

"ಯಾರಿಗೆ?"

"ಇದಕ್ಕೆ."

ಬೈಯಲು ಬಾಯಿ ತೆರೆದವಳು ಒಳಗೆ ಹೋಗಿ ಹಾಳೆ ತಂದು, ತಾಲ್ಲೂಕು ಕಚೇರಿಯ ಜನರೆಲ್ಲ ನೋಡುತ್ತಿದ್ದಂತೆ ಆ ವ್ಯಾನಿನ ಮೂತಿಯ ಮೇಲೇ ಇಟ್ಟುಕೊಂಡು ಬರೆಯತೊಡಗಿದೆ. ಜಂಪಣ್ಣ ಬಗ್ಗಿ ನೋಡುತ್ತಾ ನಿಂತವನು ನನ್ನ ಕಿವಿಯ ಹತ್ತಿರ ಬಂದ.

"ಒಂದು ಇನ್ನೂ ತಿಳೀಲಿಲ್ಲ ಕಣಮ್ಮ. ಈಗ ಇದನ್ನ ನಾನು ಮಾರಿದ್ನೋ, ಕೊಂಡ್ಕಂಡ್ನೋ?"

"ಎರಡೂ" ಅಂದೆ.

ಅವನು ವ್ಯಾನಿನ ಕಡೆ ತಿರುಗಿ ನೋಡಿದ. ದನಿ ಇನ್ನೂ ತಗ್ಗಿಸಿದ.

"ಮಾರಿದ್ದು ಮಾತ್ರ ಬರೀಬ್ಯಾಡ."

ನಾನು ಅದನ್ನು ಬರೆಯಲಿಲ್ಲ.