ಅರ್ಧ ಗಂಟೆಗೊಂದು ಕುರ್ಚಿ

ಹೋದ ವರ್ಷ, ಹದಿನೇಳನೇ ವಯಸ್ಸಿಗೇ, ನಾನೊಂದು ಕಾನೂನು ಬರೆದೆ. ದೇಶ ಅದನ್ನು ಕೇಳಿರಲಿಲ್ಲ. ಕೇಳಿದ್ದು ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು. ಸಕಲೇಶಪುರದ ನಮ್ಮ ಕಾಲೇಜಿನಲ್ಲಿ ಅಣಕು ವಿಧಾನಸಭೆ ನಡೆಸುತ್ತೇವೆ, ಮಸೂದೆ ಪಾಸು ಮಾಡಿಸಿಕೊಂಡವರು ಹಾಸನದ ಸ್ಪರ್ಧೆಗೆ ಹೋಗಬಹುದು ಅಂದಿದ್ದರು. ಹೋಗುವುದು ನಾನೇ ಎಂದು ಹೊಂಗಡಹಳ್ಳದ ಬಸ್ಸಿನಲ್ಲಿ ಡ್ರೈವರ್‌ನಿಂದ ಹಿಡಿದು ಹಿಂದಿನ ಸೀಟಿನ ಕೆಳಗಿದ್ದ ಕೋಳಿಯವರೆಗೆ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಇನ್ನು ಸೋಲುವಂತಿರಲಿಲ್ಲ.

ಮಸೂದೆಗೆ ಕಾರಣ ನನ್ನ ಅಜ್ಜಿ. ಹಿಂದಿನ ಚುನಾವಣೆಯಲ್ಲಿ ನಮ್ಮೂರ ಶಾಲೆಯ ಮುಂದೆ ವೋಟು ಹಾಕಲು ಅವಳು ಎರಡು ಗಂಟೆ ನಿಂತಿದ್ದಳು. ಸಭೆಯಲ್ಲಿ ನಾನು ಅದನ್ನು ಐದು ಗಂಟೆ ಮಾಡಿದೆ. ಮೂರನೇ ಗಂಟೆಗೆ ಅವಳ ಕಾಲಿಗೆ ಜಿಗಣೆ ಹತ್ತಿತು, ನಾಲ್ಕನೇ ಗಂಟೆಗೆ ಜಿಗಣೆ ಹೊಟ್ಟೆ ತುಂಬಿ ತಾನೇ ಉದುರಿತು, ಸಾಲು ಮಾತ್ರ ಅಲುಗಲಿಲ್ಲ ಎಂದೆ.

ವಿರೋಧ ಪಕ್ಷದ ನಾಯಕಿ ಎದ್ದು ನಿಂತಳು. ಅವಳ ಮನೆ ಕಾಲೇಜಿನ ಹಿಂದೆಯೇ. "ಬೇಸಿಗೇಲಿ ಜಿಗಣೆ ಎಲ್ಲಿಂದ ಬಂತೋ?"

"ಅದೂ ಕಾಯ್ತಿತ್ತು ಕಣೇ, ಹಿಂದಿನ ಮಳೆಗಾಲದಿಂದ."

ಸಭೆ ನಕ್ಕಿತು. ನಾನು ಕಲಮು ಕಲಮಾಗಿ ಓದಿದೆ. ಮತಗಟ್ಟೆಯಲ್ಲಿ ಅರ್ಧ ಗಂಟೆ ಮೀರಿ ನಿಂತವರಿಗೆ ಸರ್ಕಾರ ಕುರ್ಚಿ ಕೊಡಬೇಕು. ಒಂದು ಗಂಟೆ ಮೀರಿದರೆ ಕಾಫಿ, ಅದೂ ಚಿಕೋರಿ ಬೆರೆಸದ್ದು. ಅರವತ್ತು ದಾಟಿದವರ ಜಾಗದಲ್ಲಿ, ಅವರ ಸರದಿ ಬರುವತನಕ, ಮೊಮ್ಮಕ್ಕಳು ನಿಲ್ಲಬಹುದು.

ತರಗತಿಯಲ್ಲಿದ್ದವರು ಮೂವತ್ತೈದು ಜನ. ಅದರಲ್ಲಿ ನಾನೂ ಸೇರಿ ಇಪ್ಪತ್ತೆರಡು ಜನ ನಮ್ಮ ಬಸ್ಸಿನವರು. ಮೇಷ್ಟ್ರು "ಕೈ ಎತ್ರೋ ಸಾಕು" ಅಂದಾಗ ಎತ್ತಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಸಾರ್, ವೋಟಿನ ಕಾನೂನಿಗೆ ಕೈ ಎತ್ತೋದಾ? ಮರ್ಯಾದೆ ಬೇಡ್ವಾ?" ಎಂದೆ.

ಎಲ್ಲ ಸಾಮಾನು ನಾನೇ ತಂದಿದ್ದೆ: ಹೆಸರಿನ ಪಟ್ಟಿ, ಚೀಟಿ, ಮರೆಗೆ ರಟ್ಟಿನ ಪೆಟ್ಟಿಗೆ, ಬೆರಳಿಗೆ ಹಚ್ಚಲು ನೇರಳೆ ಶಾಯಿ. ನಿಯಮವನ್ನೂ ನಾನೇ ಬರೆದಿದ್ದೆ: ಬೆರಳಲ್ಲಿ ಶಾಯಿ ಇದ್ದವರಿಗೆ ಮತ್ತೆ ವೋಟಿಲ್ಲ. ಯಾರಿಗೂ ಅನುಮಾನ ಬರದಿರಲೆಂದು ಶಾಯಿ ಹಚ್ಚುವ ಕೆಲಸವನ್ನು ವಿರೋಧ ಪಕ್ಷದ ನಾಯಕಿಗೇ ಕೊಟ್ಟೆ. ಹೇಗೆ ಹಚ್ಚಬೇಕೆಂದು ನನ್ನ ಬೆರಳಿಗೇ ಹಚ್ಚಿಕೊಂಡು ತೋರಿಸಿ, ಫೋಟೋನೂ ತೆಗೆಸಿಕೊಂಡೆ.

ಅವಳು ಪ್ರತಿಯೊಬ್ಬರ ಹೆಸರು ಓದಿ, ಮುಖ ನೋಡಿ, ಸಹಿ ಸರಿಯಿಲ್ಲವೆಂದು ಮತ್ತೊಮ್ಮೆ ಹಾಕಿಸಿ, ಶಾಯಿ ಒಣಗಲು ಊದಿ ಕಳಿಸುತ್ತಿದ್ದಳು.

"ಬೇಗ ಬೇಗ ಕಣೇ!"

"ನಿಯಮ ಬರ್ದೋನು ನೀನೇ ಅಲ್ವೇನೋ?"

ಅಷ್ಟರಲ್ಲಿ ರಸ್ತೆಯಲ್ಲಿ ನಮ್ಮ ನಾಲ್ಕು ಗಂಟೆ ಬಸ್ಸಿನ ಹಾರನ್ ಕೇಳಿಸಿತು. ಅದು ಬಿಟ್ಟರೆ ಮುಂದಿನದು ಆರೂವರೆಗೆ. ಸಾಲಿನಲ್ಲಿ ಉಳಿದಿದ್ದ ಒಂಬತ್ತು ಜನರೂ ಬ್ಯಾಗು ಹೆಗಲಿಗೇರಿಸಿದರು. ಒಂಬತ್ತೂ ನನ್ನ ವೋಟುಗಳೇ.

"ಐದ್ ನಿಮಿಷ ಕಣ್ರೋ!"

"ಮಾರಾಯ, ನಿನ್ ಕಾನೂನು ಚೆನ್ನಾಗೈತೆ, ಆದ್ರೆ ಬಸ್ಸು ಹೋಗ್ಬುಡ್ತದೆ."

"ದೇಶಕ್ಕೋಸ್ಕರ ಐದ್ ನಿಮಿಷ!"

"ನಿಂತು ಇಪ್ಪತ್ತೈದು ನಿಮಿಷ ಆಯ್ತು. ಇನ್ನೈದು ನಿಮಿಷ ನಿಂತ್ರೆ ನೀನೇ ಕುರ್ಚಿ ಹೊರ್ಬೇಕಾಯ್ತದೆ, ನೋಡ್ಕೊ" ಎಂದು ಓಡಿಬಿಟ್ಟರು.

ನಾನು ಹುತಾತ್ಮನ ಮುಖ ಮಾಡಿಕೊಂಡು ಒಬ್ಬನೇ ಹೋಗಿ ಅವಳ ಮೇಜಿನ ಮುಂದೆ ನಿಂತೆ.

"ಬೆರಳು ತೋರ್ಸು." ತೋರಿಸಿದೆ. "ಶಾಯಿ ಐತೆ. ಮುಂದಿನೋರು ಬನ್ನಿ."

ಮುಂದಿನವರು ಯಾರೂ ಇರಲಿಲ್ಲ. ನಾನು ಮೇಷ್ಟ್ರ ಮುಖ ನೋಡಿದೆ.

"ಚುನಾವಣೆ ಡ್ಯೂಟಿ ಮಾಡಿದ್ದೀನಿ ಕಣೋ. ಶಾಯಿ ಅಂದ್ರೆ ಶಾಯಿ" ಅಂದರು.

ಎಣಿಕೆ ಮುಗಿಯಿತು. ಬೇಡ ಎಂದವರು ಹದಿಮೂರು, ಬೇಕು ಎಂದವರು ಹನ್ನೆರಡು. "ಸಮ ಬಂದಿದ್ರೆ ಸಭಾಧ್ಯಕ್ಷನ ವೋಟು ನಿಂಗೇ ಹಾಕ್ತಿದ್ನಲ್ಲೋ" ಎಂದು ಮೇಷ್ಟ್ರು ಬೆನ್ನು ತಟ್ಟಿದ್ದು ಇನ್ನೂ ಉರಿಯಿತು.

ಆರೂವರೆ ಬಸ್ಸೂ ತಡವಾಗಿ ಬಂದು, ಬಸ್‌ಸ್ಟ್ಯಾಂಡಿನಲ್ಲಿ ಎರಡೂವರೆ ಗಂಟೆ ಕಾದೆ. ಅಜ್ಜಿಗಿಂತ ಅರ್ಧ ಗಂಟೆ ಜಾಸ್ತಿ, ಇದರಲ್ಲಿ ಒಂದು ನಿಮಿಷವೂ ಸೇರಿಸಿಲ್ಲ.

ಮನೆಗೆ ಬರುವ ಹೊತ್ತಿಗೆ ಬಸ್ಸಿನ ಹುಡುಗರು ಸುದ್ದಿ ಮುಟ್ಟಿಸಿಯಾಗಿತ್ತು. "ಅದೇನ್ ಬರ್ದಿದ್ದೆ, ಓದ್ಲಾ ನೋಡಣ" ಅಂದಳು ಅಜ್ಜಿ. ಕಾಫಿಯ ಕಲಮಿಗೆ ತಲೆ ಅಲ್ಲಾಡಿಸಿದಳು. "ನಿಂತೋರಿಗೆಲ್ಲ ಕಾಫಿ ಕುಡ್ಸು. ಆಮೇಲೆ ಒಂದಕ್ಕೆ ಹೋಗೋಕೆ ಇನ್ನೊಂದ್ ಸಾಲು ಮಾಡ್ತೀಯಾ?"

ಮೊಮ್ಮಕ್ಕಳ ಕಲಮನ್ನು ಮಾತ್ರ ಎರಡು ಸಲ ಓದಿಸಿದಳು.

"ಇದು ಪಾಸು ಕಣ್ಲಾ."

"ಅಜ್ಜಿ, ನೀನೊಬ್ಳೇ ಪಾಸ್ ಮಾಡಂಗಿಲ್ಲ."

"ಮನೇಲಿ ನಾನೇ ಸರ್ಕಾರ. ನಾಳೆ ಸೊಸೈಟೀಲಿ ಅಕ್ಕಿ ಕೊಡ್ತಾರೆ. ಬೆಳಗ್ಗೆ ಆರಕ್ಕೇ ಹೋಗಿ ನಿಂತ್ಕೊ. ನನ್ ಸರದಿ ಬಂದಾಗ ಫೋನ್ ಮಾಡು, ಬಂದು ಹೆಬ್ಬೆಟ್ಟು ಒತ್ತೀನಿ."

ಬೆಳಿಗ್ಗೆ ಸೊಸೈಟಿ ಮುಂದೆ ಚೀಲ ಹಿಡಿದು ನಿಂತೆ. ನನ್ನ ಮುಂದೆ ಹನ್ನೊಂದು ಜನ, ಜಾಗ ಹಿಡಿಯಲು ಯಾರೋ ಇಟ್ಟು ಹೋದ ಎರಡು ಕಲ್ಲು. ಬೆರಳಿನ ಶಾಯಿ ಹೋಗಿರಲಿಲ್ಲ. ಅರ್ಧ ಗಂಟೆಯಾಯಿತು. ಯಾರೂ ಕುರ್ಚಿ ತರಲಿಲ್ಲ.